ಡನ್‌ಫೋರ್ಡ್ ಅಂಗಳದ ಐದು ಕುದುರೆಗಳು

ರೋಲಂಡ್ ಟಿಂಗಲ್ ಅವರ ಪ್ಯಾಂಟು ಒದ್ದೆಯಾದ ಸಂಗತಿಯನ್ನು ಬಿಟ್ಟೇ ಈ ಕಥೆ ಹೇಳಬಹುದಿತ್ತು. ಆದರೆ ಹಾಗೆ ಹೇಳಿದರೆ, ಕೊನೆಯಲ್ಲಿ ಅವರು ಸೊಂಟಕ್ಕೆ ಹಳೆಯ ಪೇಪರು ಸುತ್ತಿಕೊಂಡು ನಿಂತದ್ದು ಏಕೆಂದು ಯಾರಿಗೂ ತಿಳಿಯುವುದಿಲ್ಲ.

ಸೆಪ್ಟೆಂಬರಿನ ಶನಿವಾರ, ಬೆಳಿಗ್ಗೆ ಹತ್ತು ಗಂಟೆ. ಚಾಕು ಚಮಚಕ್ಕೆ ಹೆಸರಾದ ನಮ್ಮ ಶೆಫೀಲ್ಡಿನ ಪೀಸ್ ಗಾರ್ಡನ್ಸ್‌ನಲ್ಲಿ ಹದಿನಾಲ್ಕು ಜನರ ಎದುರು ಟಿಂಗಲ್ ನಿಂತಿದ್ದರು. ಊರಿನ ಮಾರ್ಗದರ್ಶಿಗಳ ಸಂಘಕ್ಕೆ ಅವರೇ ಪರೀಕ್ಷಕರು, ಸಂಜೆಯ ತರಗತಿಗೆ ಅವರೇ ಮೇಷ್ಟ್ರು, ಆ ತರಗತಿಯಲ್ಲಿ ಓದಬೇಕಾದ ಕೈಪಿಡಿ ಬರೆದವರೂ ಅವರೇ. ಐವತ್ತನಾಲ್ಕನೆಯ ವಯಸ್ಸಿಗೆ ಒಬ್ಬ ಮನುಷ್ಯ ಇದಕ್ಕಿಂತ ಹೆಚ್ಚು ತೂಕದವನಾಗಲು ಸಾಧ್ಯವಿಲ್ಲವೆಂದು ಅವರು ನಂಬಿದ್ದರು.

"ದಯವಿಟ್ಟು ನೆಲದಲ್ಲಿರೋ ಸಣ್ಣ ತೂತುಗಳನ್ನ ಗಮನಿಸಿ," ಎಂದರು. "ಕಾರಂಜಿ ಯಾವಾಗ ಏಳುತ್ತೆ ಅಂತ ಹೇಳೋಕಾಗಲ್ಲ. ಅದರ ಮೇಲೆ ನಿಂತ್ಕೋಬೇಡಿ."

ಹೇಳುತ್ತಿದ್ದವರು ನಿಂತಿದ್ದದ್ದು ಅದರ ಮೇಲೆಯೇ. ಕಾರಂಜಿ ಎದ್ದಿತು. ಎದ್ದದ್ದು ಎದೆಯವರೆಗೂ ಬಂದಿತು. ಮಕ್ಕಳಾದರೆ ಕುಣಿಯುತ್ತಾರೆ, ಕೋಟು ತೊಟ್ಟ ಪರೀಕ್ಷಕರು ಏನು ಮಾಡಬೇಕೆಂದು ಕೈಪಿಡಿಯಲ್ಲಿ ಬರೆದಿರಲಿಲ್ಲ. ಅವರು ಕೈಪಿಡಿಯನ್ನು ತಲೆಯ ಮೇಲೆತ್ತಿ ಹಿಡಿದರು. ಪುಸ್ತಕ ಉಳಿಯಿತು. ಪ್ಯಾಂಟು ಉಳಿಯಲಿಲ್ಲ.

"ಮೇಷ್ಟ್ರೇ," ಎಂದಳು ಆ ದಿನದ ಪರೀಕ್ಷಾರ್ಥಿ ಮೇವಿಸ್ ಸ್ಟ್ಯಾನಿಫೋರ್ತ್, ಕಣ್ಣು ಕೂಡ ಮಿಟುಕಿಸದೆ, "ಈಗ ಹೋದ ಹೊತ್ತನ್ನ ನನ್ನ ತೊಂಬತ್ತು ನಿಮಿಷದಲ್ಲಿ ಹಿಡೀತೀರಾ, ಬಿಡ್ತೀರಾ?"

"ಬಿಡ್ತೀನಿ," ಎಂದರು ಟಿಂಗಲ್, ಬೂಟಿನಿಂದ ನೀರು ಸುರಿಯುತ್ತಾ. "ಶುರು ಮಾಡಿ."

ಮೇವಿಸ್‌ಗೆ ಇದು ಮೂರನೆಯ ಪರೀಕ್ಷೆ, ಕೊನೆಯದು ಕೂಡ. ಮೂರು ಸಲ ತಪ್ಪಿದವರು ಮತ್ತೆ ಬರುವಂತಿಲ್ಲವೆಂದು ಸಂಘದ ನಿಯಮ. ಗೆದ್ದರೆ ಕೊಡುವುದು ಒಂದು ಹಿತ್ತಾಳೆ ಬಿಲ್ಲೆ. ಅದನ್ನು ಎದೆಗೆ ಸಿಕ್ಕಿಸಿಕೊಂಡವರು ಮಾತ್ರ ಊರಿನ ಕಟ್ಟಡಗಳ ಮುಂದೆ ಜನರನ್ನು ನಿಲ್ಲಿಸಿ ಮಾತಾಡಬಹುದು. ಮೇವಿಸ್‌ಗೆ ಬೇಕಾಗಿದ್ದದ್ದು ಊರೆಲ್ಲ ಅಲ್ಲ. ಒಂದೇ ಒಂದು ಅಂಗಳ. ಅರಂಡೆಲ್ ಬೀದಿಯ ಹಿಂದಿನ ಡನ್‌ಫೋರ್ಡ್ ಅಂಗಳ. ಆ ಅಂಗಳದ ಬಗ್ಗೆ ಕೈಪಿಡಿ ಹೇಳಿದ್ದನ್ನು ಬಿಲ್ಲೆ ಸಿಕ್ಕಿಸಿಕೊಂಡೇ ಅಳಿಸಬೇಕೆಂಬುದು ಅವಳ ಹಟ. ಎರಡು ಸಲ ಫೇಲಾದದ್ದೂ ಅಲ್ಲೇ.

ಅವಳ ವಯಸ್ಸು ಅರವತ್ತಮೂರು. ಐದಡಿಗೆ ಒಂದಿಂಚು ಕಡಿಮೆ. ಹದಿನೈದಕ್ಕೆ ಶಾಲೆ ಬಿಟ್ಟ ಸೋಮವಾರವೇ ಚಮಚದ ಕಾರ್ಖಾನೆಯಲ್ಲಿ ಪಾಲಿಷ್ ಹುಡುಗಿಯಾಗಿ ಕೆಲಸಕ್ಕೆ ಸೇರಿದವಳು. ಗಿರ್ರನೆ ತಿರುಗುವ ತೊಗಲಿನ ಚಕ್ರಕ್ಕೆ ಎಣ್ಣೆ ಮರಳು ಸವರಿ, ಚಮಚ, ಫೋರ್ಕುಗಳನ್ನು ಅದಕ್ಕೆ ಒತ್ತಿ ಹಿಡಿದು ಕನ್ನಡಿ ಮಾಡುವ ಕೆಲಸ. ಎಣ್ಣೆ ಮರಳು ಸಿಡಿದು ಮೈಮೇಲೆಲ್ಲ ಕರೀ ಕೆಸರು. ಅದಕ್ಕೇ ಹುಡುಗಿಯರು ತಲೆಗೆ ಕೆಂಪು ವಸ್ತ್ರ ಕಟ್ಟಿ, ಸೊಂಟದಿಂದ ಪಾದದವರೆಗೆ ಕಂದು ಕಾಗದ, ಅದು ಸಿಗದಿದ್ದರೆ ಹಿಂದಿನ ದಿನದ ಪೇಪರು ಸುತ್ತಿ ಹುರಿಯಿಂದ ಬಿಗಿದುಕೊಳ್ಳುತ್ತಿದ್ದರು. ಮೊದಲ ದಿನ ಮೇವಿಸ್ ಅಜ್ಜಿಯ ಮಾತು ಕೇಳಿ ಬಿಳೀ ಕೈಗವಸು ಹಾಕಿಕೊಂಡು ಹೋಗಿದ್ದಳು. ಮನೆಗೆ ಬರುವಾಗ ಕೈಗವಸೂ ಕೈಯೂ ಬೇರೆಬೇರೆ ಎಂದು ಯಾರಿಗೂ ಗೊತ್ತಾಗಲಿಲ್ಲ. ಬಸ್ಸಿನಲ್ಲಿ ಪಕ್ಕದ ಸೀಟು ಹದಿನೇಳು ವರ್ಷ ಖಾಲಿಯೇ ಉಳಿಯಿತು. ಒಮ್ಮೆ ಮಾತ್ರ ಒಬ್ಬ ಬಂದು ಕೂತ. ಬಸ್ಸು ಕಂಡಕ್ಟರು ವಾಲ್ಟರ್. ವೆಸ್ಟನ್ ಪಾರ್ಕಿನ ವಾದ್ಯ ಮಂಟಪದ ಹಿಂದೆ ಅವನು ಮೊದಲ ಮುತ್ತು ಕೊಟ್ಟಾಗ ಅವನ ಮೂಗಿಗೆ ಮಸಿ ಹತ್ತಿತು. ಮಂಟಪದಲ್ಲಿ ತುತ್ತೂರಿ ಊದುತ್ತಿದ್ದವನು ನಕ್ಕು ತಾಳ ತಪ್ಪಿದ. ಆಮೇಲೆ ಕಾರ್ಖಾನೆ ಮುಚ್ಚಿತು. ಮೇವಿಸ್ ಶಾಲೆಯೊಂದರಲ್ಲಿ ಇಪ್ಪತ್ತು ವರ್ಷ ಮಕ್ಕಳಿಗೆ ಊಟ ಬಡಿಸಿದಳು. ಬಡಿಸುವ ಮೊದಲು ಪ್ರತಿ ಚಮಚವನ್ನೂ ಮಗುಚಿ, ಹಿಂಬದಿಯ ಮುದ್ರೆಯಲ್ಲಿ ಎಲ್ಲಿ ಮಾಡಿದ್ದೆಂದು ನೋಡುತ್ತಿದ್ದಳು. ಅದು ಬಿಡಿ, ನಮ್ಮ ಊರಿನವರೆಲ್ಲರ ಚಟ. ಮದುವೆಯೂಟಕ್ಕೆ ಹೋದರೂ ಮೊದಲು ಚಮಚ ಮಗುಚುತ್ತೇವೆ, ಆಮೇಲೆ ಮದುಮಗಳನ್ನು ನೋಡುತ್ತೇವೆ.

ಇಂಥವಳು ಮೊದಲ ಪರೀಕ್ಷೆಯಲ್ಲಿ ಡನ್‌ಫೋರ್ಡ್ ಅಂಗಳಕ್ಕೆ ಬಂದು, "ನಾನು ಇಲ್ಲೇ ಕೆಲಸಕ್ಕಿದ್ದೆ" ಎಂದು ಬಾಯಿ ತೆರೆದಳು. ಟಿಂಗಲ್ ಕೆಂಪು ಗೆರೆ ಎಳೆದರು. ನಿಯಮ ನಾಲ್ಕು: ಮಾರ್ಗದರ್ಶಿ ತನ್ನ ಸ್ವಂತ ಕಥೆ ಹೇಳಬಾರದು. ಎರಡನೆಯ ಸಲ ಅವಳು ತನ್ನ ಬಗ್ಗೆ ತುಟಿಪಿಟಕ್ಕೆನ್ನಲಿಲ್ಲ. "ಇದು ಲಾಯ ಅಲ್ಲ, ಆ ಹೆಸರುಗಳೆಲ್ಲ ಕುದುರೆಗಳದ್ದೂ ಅಲ್ಲ" ಎಂದಷ್ಟೇ ಹೇಳಿದಳು. ಟಿಂಗಲ್ ಮತ್ತೊಂದು ಗೆರೆ ಎಳೆದರು. ನಿಯಮ ಏಳು: ಕೈಪಿಡಿಗೆ ವಿರುದ್ಧವಾದದ್ದನ್ನು ಆಧಾರವಿಲ್ಲದೆ ಹೇಳಬಾರದು.

ಆ ಹೆಸರುಗಳೇ ಟಿಂಗಲ್ ಅವರ ಜೀವನದ ದೊಡ್ಡ ಶೋಧ. ಅಂಗಳದ ಕಟ್ಟಡದ ಕೆಳಮಹಡಿ ಈಗ ಟೀ ಅಂಗಡಿ. ಅದರ ಮಾಡಿನ ತೊಲೆಯ ಮೇಲೆ ಕೆಂಪು ಬಣ್ಣದಲ್ಲಿ ಐದು ಹೆಸರು, ಪ್ರತಿ ಹೆಸರಿನ ಮುಂದೆ ಒಂದು ಅಂಕಿ: ಕ್ವೀನಿ 14, ಡಚೆಸ್ 15, ಡಾಲಿ 15, ಬಾನಿ 15, ಕ್ಯಾಪ್ಟನ್ 17. ಕುದುರೆಯ ಎತ್ತರವನ್ನು ಅಂಗೈ ಅಗಲದಲ್ಲಿ ಅಳೆಯುವುದು ಪದ್ಧತಿ; ಹದಿನಾಲ್ಕು, ಹದಿನೈದು ಅಂಗೈ ಎಂದರೆ ಗಾಡಿಗೆ ಹೇಳಿಮಾಡಿಸಿದ ಕುದುರೆ. ಟಿಂಗಲ್ ಆ ತೊಲೆಯ ಕೆಳಗೆ ನಿಂತು ಕಣ್ಣೀರು ಹಾಕಿದ್ದರಂತೆ. ಕೈಪಿಡಿಯಲ್ಲಿ ಅದಕ್ಕೆ ಮೂರು ಪುಟ. ಮೂಕಪ್ರಾಣಿಗಳ ಶ್ರಮದಿಂದ ಕಟ್ಟಿದ ಊರು ಎಂದು ಗ್ರಂಥಾಲಯದಲ್ಲಿ ಭಾಷಣ ಕೂಡ ಆಗಿತ್ತು.

ಹೀಗೆ ಮೂರನೆಯ ಸಲ ಮೇವಿಸ್ ಹೊರಟಳು. ಹಿಂದೆ ಹದಿನಾಲ್ಕು ಜನ. ಅವರ ಹಿಂದೆ ಪಚಕ್ ಪಚಕ್ ಎಂದು ಟಿಂಗಲ್.

ಟೌನ್ ಹಾಲಿನ ಎದುರು ಅವಳು ಕೈಪಿಡಿಯ ಮಾತನ್ನು ಗಿಳಿಪಾಠದಂತೆ ಒಪ್ಪಿಸಿದಳು. ಟಿಂಗಲ್ ತಲೆದೂಗಿದರು. ಆಮೇಲೆ ಗೋಪುರದ ತುದಿಗೆ ಬೆರಳು ತೋರಿಸಿದಳು. ಅಲ್ಲಿ ಬೆಂಕಿಯ ದೇವರು ವಲ್ಕನ್ ಒಂದು ಕಾಲನ್ನು ಕಮ್ಮಾರನ ಅಡಿಗಲ್ಲಿನ ಮೇಲಿಟ್ಟು ಬರೀ ಮೈಯಲ್ಲಿ ನಿಂತಿದ್ದಾನೆ.

"ನಮ್ಮೂರಲ್ಲಿ ಏಪ್ರನ್ ಇಲ್ಲದೆ ಕೆಲಸಕ್ಕೆ ಬಂದ ಗಂಡಸು ಅವನೊಬ್ಬನೇ," ಎಂದಳು. "ಅದಕ್ಕೇ ಕೆಳಗಿಳಿಯೋಕೆ ಬಿಟ್ಟಿಲ್ಲ."

ಜನ ನಕ್ಕರು. ಪಕ್ಕದೂರು ಬಾರ್ನ್ಸ್ಲಿಯಿಂದ ಬಂದಿದ್ದ ದಪ್ಪ ಮೀಸೆಯವನೊಬ್ಬ, "ನಮ್ಮೂರಾಗಿದ್ರೆ ಚಳಿಗೆ ಒಂದು ಚಡ್ಡಿನಾದ್ರೂ ಹಾಕಿರ್ತಿದ್ವಿ," ಎಂದ.

"ಬಾರ್ನ್ಸ್ಲಿಯಲ್ಲಿ ಚಡ್ಡಿ ಇದೆ ಅಂತ ಇವತ್ತೇ ಗೊತ್ತಾಗಿದ್ದು ಚಿನ್ನ," ಎಂದಳು ಮೇವಿಸ್, ನಿಲ್ಲದೆ ಮುಂದೆ ನಡೆಯುತ್ತಾ.

ನಮ್ಮಲ್ಲಿ ಬಸ್ ಓಡಿಸುವವನಿಂದ ಹಿಡಿದು ಹಲ್ಲು ಕೀಳುವ ಡಾಕ್ಟರವರೆಗೆ ಎಲ್ಲರೂ ಎಲ್ಲರಿಗೂ ಚಿನ್ನವೇ. ಆದರೆ ಮೇವಿಸ್ ಟಿಂಗಲ್ ಅವರನ್ನು ಮಾತ್ರ ಒಮ್ಮೆಯೂ ಹಾಗೆ ಕರೆದಿರಲಿಲ್ಲ. ಅವರು ಮೇಷ್ಟ್ರು.

ಕ್ಯಾಥೆಡ್ರಲ್ ಎದುರಿಗೆ ಬರುವಷ್ಟರಲ್ಲಿ ಹದಿನಾಲ್ಕು ಜನ ಇಪ್ಪತ್ತಾಗಿದ್ದರು. ಟ್ರ್ಯಾಮಿಗೆ ಕಾದಿದ್ದವರು ಟ್ರ್ಯಾಮು ಬಿಟ್ಟು ಇವಳ ಹಿಂದೆ ಬಂದಿದ್ದರು. ರಸ್ತೆಯಾಚೆ ಕಟ್ಲರ್ಸ್ ಹಾಲಿನ ದೊಡ್ಡ ಕಂಬಗಳು. ಚಾಕು ಚಮಚ ಮಾಡಿಸುವ ದೊಡ್ಡವರು ವರ್ಷಕ್ಕೊಮ್ಮೆ ಔತಣ ಮಾಡುವ ಜಾಗ.

"ಅಲ್ಲಿ ಊಟದ ಮೇಜಿನ ಮೇಲೆ ಬೀಳೋ ದೀಪದ ಬೆಳಕನ್ನ ಚಮಚದಲ್ಲಿ ನೋಡ್ಬೇಕಂತೆ," ಎಂದಳು ಮೇವಿಸ್. "ನಾವು..." ಟಿಂಗಲ್ ಅವರ ಪೆನ್ನು ಮೇಲೆದ್ದಿತು. ಅವಳು ಪೆನ್ನನ್ನು ನೋಡಿದಳು. "ಚಮಚಗಳು ಎಷ್ಟೋ ಸಲ ಒಳಗೆ ಹೋಗಿವೆ. ಅವನ್ನ ಹೊಳೆಸಿದವರು ಇದೇ ಫುಟ್‌ಪಾತಿನವರೆಗೆ ಮಾತ್ರ."

ಪೆನ್ನು ಕೆಳಗಿಳಿಯಿತು. ಇದು ಸ್ವಂತ ಕಥೆಯೋ ಸಾಮಾನ್ಯ ಜ್ಞಾನವೋ ಎಂದು ಟಿಂಗಲ್ ಪ್ಯಾರಡೈಸ್ ಚೌಕದವರೆಗೂ ಯೋಚಿಸಿದರು. ಆ ಚೌಕ ಸೂರಿನಂತೆ ಇಳಿಜಾರು, ನೆಲಕ್ಕೆಲ್ಲ ನುಣುಪು ಕಲ್ಲು. ಒದ್ದೆ ಬೂಟಿನವರು ಅಲ್ಲಿ ಯೋಚಿಸಬಾರದು. ಎರಡು ಸಲ ಜಾರಿದರು. ಎರಡನೆಯ ಸಲ ಬಾರ್ನ್ಸ್ಲಿಯವನು ರಟ್ಟೆ ಹಿಡಿದ.

"ನಿಮ್ಮನ್ನೂ ತೋರಿಸ್ತಾರೇನು ಸಾರ್, ಈ ಟಿಕೆಟ್ಟಿನಲ್ಲಿ?"

"ಇದಕ್ಕೆ ಟಿಕೆಟ್ ಇಲ್ಲ," ಎಂದರು ಟಿಂಗಲ್ ಬಿಗಿಯಾಗಿ.

ವಿಂಟರ್ ಗಾರ್ಡನ್ನಿನ ಗಾಜಿನ ಮಾಡಿನಡಿ, ತಾಳೆಮರಗಳ ನಡುವೆ, ಜನ ಮೂವತ್ತಾದರು. ಮೇವಿಸ್ ಒಂದು ಕಲ್ಲಿನ ಅಂಚು ಹತ್ತಿ ನಿಂತಳು, ಇಲ್ಲವಾದರೆ ಹಿಂದಿನವರಿಗೆ ಬರೀ ದನಿ ಕೇಳಿಸುತ್ತಿತ್ತು. ಎಂಬತ್ತು ನಿಮಿಷ ಕಳೆದಿತ್ತು. ಒಂದು ತಪ್ಪಿಲ್ಲ. ಇನ್ನು ಉಳಿದದ್ದು ಒಂದೇ ಜಾಗ. ಟಿಂಗಲ್ ಅವಳ ಬೆರಳುಗಳನ್ನು ಗಮನಿಸಿದರು: ಏನೋ ಒಂದನ್ನು ಚಕ್ರಕ್ಕೆ ಹಿಡಿದಂತೆ ಹೆಬ್ಬೆರಳು ತೋರುಬೆರಳ ಮೇಲೆ ತಾನಾಗಿ ಆಡುತ್ತಿತ್ತು. ಮೂರನೆಯ ಸಲವೂ ಇವಳನ್ನು ಫೇಲು ಮಾಡಬೇಕಾಗಿ ಬಂದರೆ, ಆ ಹಾಳು ಬಿಲ್ಲೆಯನ್ನು ಜೇಬಿನಲ್ಲಿಟ್ಟುಕೊಂಡು ಮನೆಗೆ ಹೋಗುವುದು ಹೇಗೆ?

"ಮಿಸೆಸ್ ಸ್ಟ್ಯಾನಿಫೋರ್ತ್," ಎಂದು ಹತ್ತಿರ ಹೋಗಿ ಪಿಸುಗುಟ್ಟಿದರು. ಪರೀಕ್ಷಕರು ಹಾಗೆ ಮಾಡುವಂತಿಲ್ಲ. "ಲಾಯ ಅಂತ ಒಂದು ಮಾತು ಹೇಳಿಬಿಡಿ. ಒಂದೇ ಮಾತು. ಮುಗೀತು."

"ಹೇಳ್ತೀನಿ ಮೇಷ್ಟ್ರೇ," ಎಂದಳು ಮೇವಿಸ್. "ಹೇಳಲ್ಲ ಅಂತ ಯಾರಂದ್ರು?"

ಅದು ಅಷ್ಟು ಸಲೀಸಾಗಿ ಬಂದದ್ದಕ್ಕೇ ಅವರಿಗೆ ಭಯವಾಯಿತು.

ಅರಂಡೆಲ್ ಬೀದಿಯಲ್ಲಿ ಇಳಿದು ಕಮಾನಿನ ಕೆಳಗೆ ತೂರಿದರೆ ಡನ್‌ಫೋರ್ಡ್ ಅಂಗಳ. ಮೂರು ಕಡೆ ಮಸಿಗಟ್ಟಿದ ಇಟ್ಟಿಗೆ ಗೋಡೆ, ಮಧ್ಯೆ ತುಂಡಾದ ಹೊಗೆಗೊಳವೆ. ಮೂವತ್ತು ಜನ ನುಗ್ಗಿದ್ದೇ ಅಂಗಳ ಜೇನುಗೂಡಾಯಿತು. ಮೇವಿಸ್ ಟೀ ಅಂಗಡಿಯ ಬಾಗಿಲಿಗೆ ಬೆನ್ನು ಮಾಡಿ ನಿಂತಳು. ಉಳಿದದ್ದು ನಾಲ್ಕು ನಿಮಿಷ.

"ಕೈಪಿಡಿಯ ಪ್ರಕಾರ ಇದು ಕುದುರೆ ಲಾಯ," ಎಂದಳು ಸ್ಪಷ್ಟವಾಗಿ.

ಟಿಂಗಲ್ ಉಸಿರು ಬಿಟ್ಟರು. ಪೆನ್ನು ಸರಿ ಗುರುತಿನತ್ತ ಹೊರಟಿತು.

"ಉತ್ತರಕ್ಕೆ ಹನ್ನೆರಡು ಕಿಟಕಿ ಇದೆ, ಎಣಿಸ್ಕೊಳ್ಳಿ. ಕುದುರೆಗಳಿಗೆ ಓದೋ ಅಭ್ಯಾಸ ಇತ್ತೇನೋ. ಗೋಡೆಯಲ್ಲಿ ಅಲ್ಲಿ ಒಂದು ತೂತು ಕಾಣುತ್ತೆ, ಇಂಜಿನ್ನಿನಿಂದ ಚಕ್ರಕ್ಕೆ ಪಟ್ಟಿ ಎಳೆಯೋಕೆ. ಕುದುರೆಗಳು ಚಕ್ರ ಯಾಕೆ ತಿರುಗಿಸ್ತಿದ್ವು ಅಂತ ನಾನು ಹೇಳೋ ಹಾಗಿಲ್ಲ. ಇದರ ಬಗ್ಗೆ ಹೆಚ್ಚು ತಿಳ್ಕೋಬೇಕು ಅನ್ನೋರು ಒಳಗೆ ಬನ್ನಿ. ಕುದುರೆಗಳಲ್ಲಿ ಒಂದು ಇನ್ನೂ ಬದುಕಿದೆ. ಟೀ ಕುಡೀತಿದೆ."

ಮೂವತ್ತು ಜನ ಒಂದೇ ಬಾಗಿಲಲ್ಲಿ ಹೊಕ್ಕರು. ಟಿಂಗಲ್ ಅವರನ್ನು ಯಾರೂ ತಳ್ಳಲಿಲ್ಲ. ಅವರೇ ಎಲ್ಲರನ್ನೂ ತಳ್ಳಿಕೊಂಡು ಮುಂದೆ ಹೋದರು.

ತೊಲೆಯ ನೇರ ಕೆಳಗಿನ ಮೇಜಿನಲ್ಲಿ ಎಂಬತ್ತರ ಮುದುಕಿಯೊಬ್ಬಳು ಕೂತಿದ್ದಳು. ತಲೆಗೆ ಕೆಂಪು ವಸ್ತ್ರ. ಅವಳು ಚಮಚವೊಂದನ್ನು ಮಗುಚಿ, ಬೆಳಕಿಗೆ ಹಿಡಿದು, ಮುಖ ಸಿಂಡರಿಸಿದಳು.

"ಇದನ್ನ ಹೊಳೆಸಿದ್ದು ಯಾರು? ಕಾಲಲ್ಲಿ ಹೊಳೆಸಿದ್ನಾ?" ಎಂದು ಕೇಳಿ, ಅಷ್ಟು ಜನರನ್ನು ನೋಡಿ, "ಬಂದ್ರಾ? ಎಷ್ಟೊತ್ತು? ಎರಡು ಟೀ ಆಯ್ತು ನಂದು," ಎಂದಳು.

"ತಾವು..." ಎಂದರು ಟಿಂಗಲ್.

"ಕ್ವೀನಿ ಆಕ್ಸ್‌ಲಿ." ಅವಳು ಬೆರಳನ್ನು ಮೇಲಕ್ಕೆತ್ತಿ ತೊಲೆ ತೋರಿಸಿದಳು. "ಮೊದಲನೇ ಕುದುರೆ. ಹದಿನಾಲ್ಕು ನನ್ನ ಎತ್ತರ ಅಲ್ಲ ಚಿನ್ನ, ವಯಸ್ಸು. ನಾನು ಬಂದಾಗ ಹದಿನಾಲ್ಕಕ್ಕೇ ಶಾಲೆ ಬಿಡಿಸ್ತಿದ್ರು. ಆಮೇಲೆ ಬಂದವರಿಗೆ ಹದಿನೈದು. ಹೊಸ ಹುಡುಗಿ ಮೊದಲ ದಿನ ಅಳದೆ ಸಂಜೆ ಮಾಡಿದ್ರೆ, ಅಡ್ಡಹೆಸರಿಟ್ಟು, ಪಾಲಿಷಿನ ಕೆಂಪು ಪುಡಿ ಎಣ್ಣೇಲಿ ಕಲಸಿ ಅಲ್ಲಿ ಬರೀತಿದ್ವಿ. ಅತ್ತವರು ಬಹಳ ಜನ. ಅದಕ್ಕೇ ಹೆಸರು ಕಮ್ಮಿ."

ಅಂಗಡಿಯಲ್ಲಿ ಎಲ್ಲರೂ ಒಟ್ಟಿಗೆ ಮಾತಾಡತೊಡಗಿದರು. ಕೌಂಟರಿನ ಹಿಂದಿದ್ದವಳು ಕೆಟಲ್ ಹಿಡಿದೇ ಹೊರಗೆ ಬಂದಳು. ಒಬ್ಬಾಕೆ ಕುರ್ಚಿ ಹತ್ತಿ ತೊಲೆಯ ಬಣ್ಣಕ್ಕೆ ಬೆರಳು ಸವರಿ ಮೂಸಿ ನೋಡಿದಳು. ಬಾರ್ನ್ಸ್ಲಿಯವನು ಯಾವಾಗಲೋ ಒಂದು ಕೈಪಿಡಿ ಸಂಪಾದಿಸಿದ್ದ. ದೊಡ್ಡ ದನಿಯಲ್ಲಿ ಓದಿದ:

"'ಡಚೆಸ್: ಪ್ರಾಯಶಃ ಕಂದು ಬಣ್ಣದ ಹೆಣ್ಣು ಕುದುರೆ. ಸಾಧು ಸ್ವಭಾವ. ಮಕ್ಕಳಿಗೆ ಅಚ್ಚುಮೆಚ್ಚು.' ಈ ಡಚೆಸ್ ಯಾರು ಹಾಗಾದ್ರೆ?"

ಎಲ್ಲರೂ ಮೇವಿಸ್ ಕಡೆ ತಿರುಗಿದರು. ಮೇವಿಸ್ ತುಟಿ ಬಿಗಿಹಿಡಿದು ಟಿಂಗಲ್ ಅವರ ಪೆನ್ನನ್ನೇ ನೋಡುತ್ತಿದ್ದಳು. ನಿಯಮ ನಾಲ್ಕು. ಹೇಳಿದರೆ ಬಿಲ್ಲೆ ಹೋಯಿತು. ನಲವತ್ತೆಂಟು ವರ್ಷದಿಂದ ತಲೆಯ ಮೇಲೆ ಬರೆದಿಟ್ಟ ತನ್ನ ಹೆಸರಿನ ಕೆಳಗೆ ನಿಂತು ಅದು ತನ್ನದೆನ್ನದೆ ಸುಮ್ಮನಿರುವುದು ಎಂಥ ಪರೀಕ್ಷೆ ಎಂದು ಟಿಂಗಲ್ ಅವರಿಗೆ ಆಗ ಹೊಳೆಯಿತು.

"ಬಿಳೀ ಕೈಗವಸು ಹಾಕ್ಕೊಂಡು ಪಾಲಿಷ್ ಮಾಡೋಕೆ ಬಂದವಳು ಇನ್ಯಾರು?" ಎಂದಳು ಕ್ವೀನಿ. ಅವಳಿಗೆ ಯಾವ ನಿಯಮವೂ ಇರಲಿಲ್ಲ. "ರಾಣೀವಾಸದವಳು ಬಂದ್ಲು ಅಂದ್ಕೊಂಡ್ವಿ. ನಿಮ್ಮ ಎದುರಿಗೇ ನಿಂತಿದಾಳಲ್ಲ."

ಚಪ್ಪಾಳೆ ಶುರುವಾದದ್ದು ಎಲ್ಲಿಂದ ಎಂದು ಗೊತ್ತಾಗಲಿಲ್ಲ. ಎಂಟು ವರ್ಷ ಟಿಂಗಲ್ ಆ ಹೆಣ್ಣುಕುದುರೆಯ ಸಾಧು ಸ್ವಭಾವವನ್ನು ಜನರ ಮುಂದೆ ಹೊಗಳಿದ್ದರು. ಎರಡು ಸಲ ಅದೇ ಡಚೆಸ್‌ಗೆ ಕೆಂಪು ಗೆರೆ ಎಳೆದಿದ್ದರು. ಅವರಿಗೆ ನಡುಕ ಬಂತು. ಅರ್ಧ ನಾಚಿಕೆಗೆ, ಅರ್ಧ ಒದ್ದೆ ಪ್ಯಾಂಟಿಗೆ.

"ಅಯ್ಯೋ, ಈ ಹುಡುಗ ನೆನೆದು ತೊಪ್ಪೆ ಆಗಿದಾನಲ್ಲೇ," ಎಂದಳು ಕ್ವೀನಿ. "ಮೇವಿಸ್, ಆ ಪೇಪರು ಕೊಡು ಇಲ್ಲಿ. ಹುರಿ ಇದೆಯಾ?"

"ಬೇಡ, ಪರವಾಗಿಲ್ಲ," ಎಂದರು ಟಿಂಗಲ್.

"ಸುಮ್ನೆ ನಿಂತ್ಕೋ. ಕೈ ಮೇಲೆತ್ತು."

ಟಿಂಗಲ್ ಕೈ ಮೇಲೆತ್ತಿದರು. ಎಂಬತ್ತು ವರ್ಷದ ಕೈಗಳು ನಿನ್ನೆಯ ಪೇಪರನ್ನು ಅವರ ಸೊಂಟಕ್ಕೆ ಸುತ್ತಿ, ಮಂಡಿಯ ಕೆಳಗೆ ಇನ್ನೆರಡು ಹಾಳೆ ಬಿಗಿದು, ಕೇಕಿನ ಡಬ್ಬಿಯ ಹುರಿಯಿಂದ ಗಂಟು ಹಾಕಿದವು. ಗಂಟು ಬಿದ್ದ ವೇಗ ನೋಡಿ ಜನ ಉಸಿರು ಬಿಗಿಹಿಡಿದರು. ಕಾಗದದೊಳಗೆ ನಿಜವಾಗಿಯೂ ಬೆಚ್ಚಗಿತ್ತು. ಮೂರು ಪುಟದ ಶೋಧಕ್ಕಿಂತ ಹೆಚ್ಚು ಇತಿಹಾಸ ಸೊಂಟಕ್ಕೆ ಸುತ್ತಿಕೊಂಡಂತೆ ಅನ್ನಿಸಿತೆಂದು ಟಿಂಗಲ್ ಆಮೇಲೆ ಹೆಂಡತಿಗೆ ಹೇಳಿದರು. ಹೆಂಡತಿ ಪ್ಯಾಂಟಿಗೆ ಹತ್ತಿದ ಅಚ್ಚಿನ ಮಸಿಯ ಬಗ್ಗೆ ಕೇಳಿದಳು.

"ಇವರ ಹೆಸರೂ ತೊಲೆ ಮೇಲೆ ಬರೀರಿ," ಎಂದ ಬಾರ್ನ್ಸ್ಲಿಯವನು. "ಅತ್ತಿಲ್ಲ ಇನ್ನೂ."

"ಸಂಜೆ ಆಗಲಿ, ನೋಡೋಣ," ಎಂದಳು ಕ್ವೀನಿ.

ಟಿಂಗಲ್ ಗಡಿಯಾರ ನೋಡಿದರು. ನೂರ ಹನ್ನೆರಡು ನಿಮಿಷ. ಇಪ್ಪತ್ತೆರಡು ಹೆಚ್ಚು. ಅದೊಂದಕ್ಕೇ ಫೇಲು ಮಾಡಬಹುದಿತ್ತು. ಹಿಂದೆ ಮಾಡಿದ್ದೂ ಉಂಟು. ಮೇವಿಸ್‌ಗೂ ಅದು ಗೊತ್ತಿತ್ತು. ಅವಳು ಕ್ವೀನಿಯ ಕುರ್ಚಿಯ ಬೆನ್ನು ಹಿಡಿದು ನಿಂತಿದ್ದಳು.

ಅವರು ಕೆಂಪು ಪೆನ್ನು ತೆಗೆದರು. ತಮ್ಮ ಕೈಪಿಡಿಯ ನಲವತ್ತೊಂದನೆಯ ಪುಟ ಬಿಡಿಸಿ ಮೂಲೆಯಿಂದ ಮೂಲೆಗೆ ಒಂದು ಗೆರೆ ಎಳೆದರು. ನಲವತ್ತೆರಡಕ್ಕೊಂದು, ನಲವತ್ತಮೂರಕ್ಕೊಂದು. ಮುನ್ನುಡಿಗೆ ಹೋಗಿ ಅಲ್ಲಿ ಅಚ್ಚಾಗಿದ್ದ ನಿಯಮ ನಾಲ್ಕರ ಮೇಲೂ ಎಳೆದರು. ಆಮೇಲೆ ಎದೆಯ ಜೇಬಿನಿಂದ ಬಿಲ್ಲೆ ತೆಗೆದರು. ಪಿನ್ನು ಸಿಕ್ಕಿಸಲು ಅವರ ಕೈಯಲ್ಲಿ ಆಗಲಿಲ್ಲ. ಮೇವಿಸ್ ಅದನ್ನು ಇಸಿದುಕೊಂಡು, ಮೊದಲು ಮಗುಚಿ ಹಿಂಬದಿಯ ಮುದ್ರೆ ನೋಡಿದಳು. ಊರಿನದೇ. ತೋಳಿನ ಬಟ್ಟೆಗೆ ನಾಲ್ಕು ಸಲ ಉಜ್ಜಿ, ಬೆಳಕಿಗೆ ಹಿಡಿದು, ಇನ್ನೊಂದು ಸಲ ಉಜ್ಜಿ, ಎದೆಗೆ ಸಿಕ್ಕಿಸಿಕೊಂಡಳು.

"ಈಗ ಹೇಳಿ," ಎಂದರು ಟಿಂಗಲ್. "ನಿಮ್ಮ ಕಥೆ. ಎಷ್ಟು ಹೊತ್ತಾದ್ರೂ ಪರವಾಗಿಲ್ಲ."

ಅವಳು ಹೇಳಿದಳು. ಡಾಲಿಯ ಹಾಡು, ಬಾನಿಯ ಮದುವೆ, ಬಸ್ಸಿನ ಖಾಲಿ ಸೀಟು, ವಾಲ್ಟರನ ಮೂಗಿನ ಮಸಿ. ಕೆಟಲ್ ಮೂರು ಸಲ ಕುದಿಯಿತು. ಅಂಗಳದಲ್ಲಿ ಹಾದುಹೋಗುವವರು ಕಿಟಕಿಗೆ ಮುಖ ಒತ್ತಿ ನಿಂತರು. ಹನ್ನೆರಡು ಕಿಟಕಿಗೂ ಕೆಲಸ ಬಂತು. ಟಿಂಗಲ್ ಪೇಪರು ಚರಚರ ಎನಿಸುತ್ತಾ ಶಾಲೆಯ ಹುಡುಗನಂತೆ ಬರೆದುಕೊಳ್ಳುತ್ತಿದ್ದರು. ಕ್ವೀನಿ, ಡಚೆಸ್, ಡಾಲಿ, ಬಾನಿ, ಎಲ್ಲದರ ಎದುರೂ ಒಂದೊಂದು ಪೂರ್ತಿ ಹೆಸರು ಬಂತು. ಉಳಿದದ್ದು ಒಂದು. ಅವರು ಕತ್ತೆತ್ತಿ ತೊಲೆಯ ತುದಿಯನ್ನು ನೋಡಿದರು. ಇಷ್ಟು ದೊಡ್ಡ ಹುಡುಗಿಗೆ ಇಂಥ ಗಂಡು ಹೆಸರಿಟ್ಟಿರಬೇಕಾದರೆ ಎಂಥ ಗಟ್ಟಿಗಿತ್ತಿ ಇದ್ದಿರಬೇಕು ಎಂದುಕೊಂಡು, ತುಂಬು ಗೌರವದಿಂದ ಕೇಳಿದರು:

"ಈ ಕ್ಯಾಪ್ಟನ್ ಯಾರು ಮೇಡಂ? ಅವರು ಇನ್ನೂ ಇದ್ದಾರಾ?"

"ಇಲ್ಲ ಚಿನ್ನ," ಎಂದಳು ಮೇವಿಸ್. "ಅದು ಕುದುರೆ. ಹದಿನೇಳು ಅದರ ವಯಸ್ಸು."